ಕೊಹಿಮಾ ಯುದ್ಧಸ್ಮಶಾನ

ನಾಗಾಲ್ಯಾಂಡಿನ ರಾಜಧಾನಿ ಕೊಹಿಮಾದ ಗ್ಯಾರಿಸನ್ ಗುಡ್ಡದ ಇಳುಕಲಿನಲ್ಲಿ, ದ್ವಿತೀಯ ಮಹಾಯುದ್ಧದಲ್ಲಿ ಮಡಿದ ಯೋಧರಿಗಾಗಿ ನಿರ್ಮಿತವಾದ ಸಮಾಧಿಕ್ಷೇತ್ರ. ಇಂಫಾಲಕ್ಕೂ ದಿಮಾಪುರಕ್ಕೂ ನಡುವಣ ಮಾರ್ಗವನ್ನು ಕಡಿದುಹಾಕಲೆಂದು ನುಗ್ಗಿಬಂದ ಜಪಾನೀ ಸೇನೆಯನ್ನು 1944ರ ಏಪ್ರಿಲ್‌ನಿಂದ ಜೂನ್‌ವರೆಗೆ ಬ್ರಿಟಿಷ್ ಹಾಗೂ ಭಾರತೀಯ ಪಡೆಗಳು ತಡೆದು ಹಿಮ್ಮೆಟ್ಟಿಸಿದುದು ಇಲ್ಲಿಯೇ. ಡೆಪ್ಯುಟಿ ಕಮಿಷನರರ ಬಂಗಲೆಯ ಟೆನಿಸ್ ಅಂಗಳದ ಎರಡು ಪಕ್ಕಗಳಲ್ಲಿ ಕಂದಕ ತೋಡಿ ಕುಳಿತ ಉಭಯ ಸೈನ್ಯಗಳು, ಕೈಬಾಂಬು ಎಸೆದರೆ ತಲುಪುವಷ್ಟು ಸಮೀಪದಿಂದ ಹೋರಾಡಿದುವು. ಆ ಅಂಗಳದ ಗೆರೆಗಳನ್ನು ಕಾಂಕ್ರೀಟಿನಲ್ಲಿ ಗುರುತಿಸಿ ಇಂದಿಗೂ ಉಳಿಸಿದ್ದಾರೆ. 1,420 ಸಮಾಧಿಗಳಲ್ಲದೆ, ಅಗ್ನಿಸಂಸ್ಕಾರ ಹೊಂದಿದ 917 ಹಿಂದೂ ಮತ್ತು ಸಿಖ್ ಯೋಧರ ಸ್ಮಾರಕವೂ ಇಲ್ಲಿದೆ. ದೂರದಿಂದ ಬಂದ ಭಾರತೀಯ ಯಾತ್ರಿಕನು ಮೊದಲು ಅದರ ಮುಂದೆ ನಿಲ್ಲುವುದು ಉಚಿತ.

ಕ್ಷೇತ್ರವನ್ನು ಸ್ಥಳೀಯ ನಾಗಾ ಮಾರ್ಗದರ್ಶಿಯೊಡನೆ ನೋಡುವುದು ಶ್ರೇಯಸ್ಕರ. ಕದನವು ಈ ಸಮಾಧಿಗಳ ಆವರಣಕ್ಕಷ್ಟೇ ಸೀಮಿತವಾಗಿರದೆ ಜೈಲುಗುಡ್ಡ, ನಾಗಾ ಗ್ರಾಮ, ಫಿರಂಗಿಗಳಿಂದ ಗ್ಯಾರಿಸನ್ನಿಗೆ ಬೆಂಬಲವಿತ್ತ ಜೋತ್ಸೋಮಾ ಇವುಗಳಿಗೆಲ್ಲ ವ್ಯಾಪಿಸಿತ್ತು. ಬೆಳೆದುನಿಂತ ಪಟ್ಟಣದ ಮನೆಗಳ ನಡುವೆ ಆ ನೆಲೆಗಳು ಅಪರಿಚಿತನ ಕಣ್ಣಿಗೆ ಗೋಚರಿಸುವುದು ದುಸ್ತರ. ಮದ್ದುಗುಂಡು ಹೊತ್ತು, ಗಾಯಾಳುಗಳನ್ನು ಡೋಲಿಗಳಲ್ಲಿ ಸಾಗಿಸಿ, ಶತ್ರುವಿನ ಚಲನವಲನವನ್ನು ಅರುಹಿದ ನಾಗಾ ಜನರ ಪಾತ್ರವನ್ನು, ಯಾವ ಶಿಲಾಲೇಖಕ್ಕಿಂತಲೂ ಸಮಗ್ರವಾಗಿ, ಅವರ ವಂಶಸ್ಥರ ಬಾಯಿಂದಲೇ ಕೇಳಬೇಕು.