ಬಟ್ಟೆ ಒಗೆಯುವವಳ ಉಳುಕು

1893ರಲ್ಲಿ ಬಂದ ‘ಗ್ರೇಸ್ ಅನಾಟಮಿ’ಯ ಹದಿಮೂರನೆಯ ಆವೃತ್ತಿಯಲ್ಲಿ ಒಂದು ನೋವಿಗೆ ‘ಬಟ್ಟೆ ಒಗೆಯುವವಳ ಉಳುಕು’ ಎಂಬ ಹೆಸರಿದೆ. ಒದ್ದೆ ಬಟ್ಟೆ ಹಿಂಡುವಾಗ ಹೆಬ್ಬೆರಳು ಬಿಗಿಯಾಗಿ ಹಿಡಿಯಬೇಕು, ಮಣಿಕಟ್ಟು ತಿರುಚಬೇಕು. ಹೆಬ್ಬೆರಳನ್ನು ಎತ್ತುವ ಎರಡು ಸ್ನಾಯುರಜ್ಜುಗಳು ಮಣಿಕಟ್ಟಿನ ಅಂಚಿನಲ್ಲಿ ಇಕ್ಕಟ್ಟಾದ ಒಂದು ಕೊಳವೆಯೊಳಗೆ ಹಾದುಹೋಗುತ್ತವೆ. ಆ ಕೊಳವೆಯ ಗೋಡೆ ದಪ್ಪಗಾದರೆ ಅವು ಸಲೀಸಾಗಿ ಸರಿಯಲಾರವು. ಆಮೇಲೆ ನೀರಿನ ತಂಬಿಗೆ ಎತ್ತುವುದೂ ಕಷ್ಟ.

ಎರಡು ವರ್ಷಗಳ ನಂತರ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯ ಫ್ರಿಟ್ಜ್ ಡಿ ಕ್ವೆರ್ವೇನ್ ಇಂಥ ಐವರು ರೋಗಿಗಳ ವಿವರ ಪ್ರಕಟಿಸಿದ. ಕಾಯಿಲೆಗೆ ಅವನ ಹೆಸರು ನಿಂತಿತು, ಒಗೆಯುವವಳು ಮರೆಗೆ ಸರಿದಳು. ಕೊಳವೆಯನ್ನು ಸೀಳಿ ಬಿಡಿಸುವುದು ಅವನ ಚಿಕಿತ್ಸೆ. ಶಸ್ತ್ರವೈದ್ಯನಿಗೆ ಕತ್ತಿಯೇ ಹೊಳೆದದ್ದರಲ್ಲಿ ಆಶ್ಚರ್ಯವೇನಿಲ್ಲ. ಕೈಗೆ ವಿಶ್ರಾಂತಿ ಕೊಡಿ ಎಂಬ ಮಾತು ಕತ್ತಿಗಿಂತ ಹಳೆಯದೇ. ಆದರೆ ದಿನದ ಕೂಲಿಗೆ ಬಟ್ಟೆ ಒಗೆಯುವವಳಿಗೆ ಸಿಗದ ಔಷಧವೆಂದರೆ ಅದೊಂದೇ.

ಕತ್ತಿಯನ್ನು ಹಿಂದಕ್ಕೆ ಸರಿಸಿದ್ದು ಒಂದು ಹಾರ್ಮೋನು. 1948ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನಲ್ಲಿ ಫಿಲಿಪ್ ಹೆಂಚ್ ಕೀಲುವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟು ನೋಡಿದ. 1950ರ ನೊಬೆಲ್ ಅವನ ಜೊತೆಗೆ ಕೆಂಡಲ್ ಮತ್ತು ರೈಕ್‌ಸ್ಟೈನ್ ಅವರಿಗೂ ಸಂದಿತು. ರೈಕ್‌ಸ್ಟೈನ್ ಕೆಲಸ ಮಾಡುತ್ತಿದ್ದುದು ಬಾಸೆಲ್‌ನಲ್ಲಿ; ಡಿ ಕ್ವೆರ್ವೇನ್ ಕೂಡ ಹಿಂದೆ ಅಲ್ಲೇ ಪ್ರಾಧ್ಯಾಪಕನಾಗಿದ್ದ. 1940ರಲ್ಲಿ ತೀರಿಕೊಂಡ ಅವನಿಗೆ ಇದನ್ನು ನೋಡುವ ಯೋಗವಿರಲಿಲ್ಲ. ಐವತ್ತರ ದಶಕದಲ್ಲಿ ಸ್ಟೀರಾಯ್ಡನ್ನು ನೇರವಾಗಿ ಆ ಕೊಳವೆಗೇ ಚುಚ್ಚುವ ಪದ್ಧತಿ ಬಂತು.

ಈಗ ಬಹುಪಾಲು ರೋಗಿಗಳಿಗೆ ಆಪರೇಷನ್ ಬೇಕಾಗುವುದಿಲ್ಲ. ಕೆಲವು ವಾರ ಪಟ್ಟಿ ಕಟ್ಟುತ್ತಾರೆ. ಅದು ಹೆಬ್ಬೆರಳನ್ನೂ ಹಿಡಿದಿಡಬೇಕು, ಬರೀ ಮಣಿಕಟ್ಟಿನ ಪಟ್ಟಿ ಸಾಲದು. ನೋವಿನ ಮಾತ್ರೆ ಜೊತೆಗಿರುತ್ತದೆ. ಅದಕ್ಕೂ ಬಗ್ಗದಿದ್ದರೆ ಇಂಜೆಕ್ಷನ್, ಹಲವರಿಗೆ ಒಂದೇ ಸಾಕಾಗುತ್ತದೆ. ಕೆಲವರ ಕೊಳವೆಯೊಳಗೆ ಅಡ್ಡಗೋಡೆಯಿದ್ದು ಎರಡು ಕೋಣೆಗಳಾಗಿರುತ್ತವೆ. ಮದ್ದು ಒಂದಕ್ಕೆ ಮಾತ್ರ ತಲುಪಿದರೆ ನೋವು ಉಳಿದುಬಿಡುತ್ತದೆ. ಚುಚ್ಚಿದ ಜಾಗದಲ್ಲಿ ಚರ್ಮದ ಬಣ್ಣ ಮಾಸುವುದೂ ಉಂಟು. ನಮ್ಮಂಥ ಕಪ್ಪು ಮೈಬಣ್ಣದವರಲ್ಲಿ ಅದು ಎದ್ದು ಕಾಣುತ್ತದೆ, ಮೊದಲೇ ಹೇಳಿದರೆ ಒಳ್ಳೆಯದು.

ಇಂದು ಈ ನೋವು ಬಾಣಂತಿಯರಲ್ಲೂ ಸಾಮಾನ್ಯ. ಹೆಬ್ಬೆರಳು ಅಗಲಿಸಿ, ಕಂಕುಳಿಗೆ ಕೈಕೊಟ್ಟು ದಿನಕ್ಕೆ ಹತ್ತಾರು ಸಲ ಮಗುವನ್ನು ಎತ್ತುವ ಕೈಗಳು ಅವು. ಅಂಗೈ ಮೇಲೆ ಮಾಡಿ ಮಗುವಿನ ಅಡಿಗೆ ಕೊಟ್ಟು, ಮೊಳಕೈ ಮೇಲೆ ಭಾರ ಹಾಕಿ ಬಾಚಿಕೊಂಡರೆ ಹೆಬ್ಬೆರಳಿಗೆ ಅಷ್ಟು ಎಳೆತವಿಲ್ಲ. ಅನೇಕರಿಗೆ ಕೆಲವು ತಿಂಗಳಲ್ಲಿ ನೋವು ತಾನಾಗಿಯೇ ಇಳಿಯುತ್ತದೆ. ಅಲ್ಲಿಯವರೆಗೆ ಮನೆಯ ಒದ್ದೆ ಬಟ್ಟೆಯನ್ನು ಬೇರೆ ಯಾರಾದರೂ ಹಿಂಡಬೇಕು.