ಎಣ್ಣೆ ಸೋರುವ ಎಂಜಿನ್ನಿನ ಪೂರ್ವವೃತ್ತಾಂತ

ಹಳೆಯ ಕಾರು ನಿಂತು ಹೋದ ನೆಲದ ಮೇಲೆ ಕಪ್ಪು ಕಲೆಯೊಂದು ಉಳಿದರೆ ಅದನ್ನು ಎಂಜಿನ್ನಿನ ರೋಗವೆಂದು ತಿಳಿಯುವುದು ಇಂದಿನ ವಾಡಿಕೆ. ಆದರೆ ಮೋಟಾರು ವಾಹನದ ಆದಿಕಾಲದಲ್ಲಿ ಎಣ್ಣೆ ಹೊರಗೆ ಹೋಗುವುದು ಯಂತ್ರದ ಧರ್ಮವೇ ಆಗಿದ್ದಿತು. ಇಪ್ಪತ್ತನೆಯ ಶತಮಾನದ ಆರಂಭದ ಅನೇಕ ವಾಹನಗಳಲ್ಲಿ ಚಾಲಕನ ಕಣ್ಣೆದುರಿಗೇ ಗಾಜಿನ ತೈಲಪಾತ್ರೆಗಳಿದ್ದು, ಅವುಗಳಿಂದ ತೊಟ್ಟುತೊಟ್ಟಾಗಿ ಇಳಿದ ಎಣ್ಣೆಯು ಬೇರಿಂಗುಗಳನ್ನು ತೋಯಿಸಿ, ಸ್ವಲ್ಪ ಉರಿದು ಹೊಗೆಯಾಗಿ, ಮಿಕ್ಕುದು ರಸ್ತೆಯ ಪಾಲಾಗುತ್ತಿದ್ದಿತು. ಹಿಂದಿರುಗಿ ಬರಬೇಕಾದ ಎಣ್ಣೆಯೇ ಇಲ್ಲದಲ್ಲಿ ಸೋರಿಕೆಯೆಂಬ ದೂರಿಗೆ ಅವಕಾಶವೆಲ್ಲಿಯದು? ಎಂಜಿನ್ನಿನ ತಳದ ಸಂಪಿನಲ್ಲಿ ಶೇಖರವಾದ ಎಣ್ಣೆಯನ್ನು ಪಂಪಿನಿಂದೆತ್ತಿ, ಒತ್ತಡದಿಂದ ಹರಿಯಿಸಿ, ಮರಳಿ ಸಂಪಿಗೇ ಇಳಿಸುವ ಪದ್ಧತಿ ಬಳಕೆಗೆ ಬಂದ ಮೇಲೆಯೇ ಅದನ್ನು ಒಳಗೆ ಹಿಡಿದಿಡುವ ಹೊಣೆಯೂ ಯಂತ್ರಶಿಲ್ಪಿಯ ಮೇಲೆ ಬಿದ್ದಿತು.

ಆ ಹೊಣೆಯನ್ನು ಮೊದಲು ಹೊತ್ತವು ಮರದ ತೊಗಟೆ, ಕೀಟದ ಅರಗು ಮತ್ತು ಪಶುವಿನ ಚರ್ಮ. ಪೋರ್ಚುಗಲ್ಲಿನ ಓಕ್ ಮರದ ತೊಗಟೆಯಾದ ಕಾರ್ಕು ಸಂಪಿಗೂ ವಾಲ್ವಿನ ಮುಚ್ಚಳಕ್ಕೂ ಗ್ಯಾಸ್ಕೆಟ್ಟಾಯಿತು. ಛೋಟಾನಾಗಪುರದ ಕಾಡುಗಳಂಥ ಎಡೆಗಳಿಂದ ಹಡಗೇರಿದ ಅರಗು ಶೆಲಾಕ್ ಆಗಿ ಸಂದುಗಳನ್ನು ಬೆಸೆಯಿತು. ತಿರುಗುವ ದಂಡದ ಸುತ್ತ ಎಣ್ಣೆಯನ್ನು ತಡೆಯುವುದು ಇದಕ್ಕಿಂತ ಕಠಿಣವಾದ ಕಾರ್ಯ. ಜರ್ಮನಿಯ ವೈನ್‌ಹೈಮಿನಲ್ಲಿ 1849ರಿಂದ ಚರ್ಮ ಹದಮಾಡುತ್ತಿದ್ದ ಫ್ರಾಯ್ಡೆನ್‌ಬರ್ಗ್ ಸಂಸ್ಥೆಯು ಆರ್ಥಿಕ ಕುಸಿತದ ಕಾಲದಲ್ಲಿ ಚರ್ಮದ ಸೀಲುಗಳ ತಯಾರಿಕೆಗೆ ಕೈಹಾಕಿ, ವಾಲ್ಟರ್ ಸಿಮ್ಮರನ ಹೆಸರು ಹೊತ್ತ ಸಿಮ್ಮರ್‌ರಿಂಗನ್ನು ರೂಪಿಸಿ, 1930ರ ದಶಕದಲ್ಲಿಯೇ ಚರ್ಮವನ್ನು ಬಿಟ್ಟು ಕೃತಕ ರಬ್ಬರಿಗೆ ತಿರುಗಿತು. ನಮ್ಮ ಮೆಕ್ಯಾನಿಕ್ಕುಗಳು ಇಂದು ಆಯಿಲ್ ಸೀಲ್ ಎಂದು ಕರೆಯುವ ಕಪ್ಪು ಬಳೆ ಅದೇ ವಂಶದ್ದು.

ಆದರೂ ಆ ಬಳೆ ಎಲ್ಲ ಎಂಜಿನ್ನುಗಳಿಗೂ ಒಡನೆಯೇ ದೊರೆಯಲಿಲ್ಲ. 1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಬಳಗಗಳು ಒಂದಾಗಿ ಆದ ಬಿ.ಎಂ.ಸಿ. ಸಂಸ್ಥೆಯ 'ಬಿ' ಶ್ರೇಣಿಯ 1489 ಸಿ.ಸಿ. ಎಂಜಿನ್ನನ್ನು ಉತ್ತರಪಾಡಾದ ಕಾರ್ಖಾನೆಯ ಅಂಬಾಸಿಡರ್ ಕಾರಿನ ಮೂಲಕ ನಾವೆಲ್ಲ ಬಲ್ಲೆವು. ಅದರ ಕ್ರ್ಯಾಂಕ್ ಶಾಫ್ಟಿನ ಹಿಂತುದಿಯಲ್ಲಿ ಸೀಲ್ ಎಂಬುದೇ ಇರಲಿಲ್ಲ. ಅಲ್ಲಿದ್ದುದು ತಿರುಪಿನ ಮರೆಯಂತೆ ಕೊರೆದ ಸುರುಳಿ ಮಾತ್ರ; ಶಾಫ್ಟು ತಿರುಗುವಾಗ ಆ ಸುರುಳಿಯು ಹೊರಟ ಎಣ್ಣೆಯನ್ನು ಹಿಂದಕ್ಕೆ ನೂಕಿ ಸಂಪಿಗೆ ಕಳುಹಿಸುತ್ತಿದ್ದಿತು. ಎಂಜಿನ್ ನಿಂತೊಡನೆ ಸುರುಳಿಯ ಕೆಲಸವೂ ನಿಲ್ಲುವುದರಿಂದ, ಮೂತಿ ಮೇಲಾಗಿ ಇಳಿಜಾರಿನಲ್ಲಿ ನಿಲ್ಲಿಸಿದ ಕಾರಿನಿಂದ ನಾಲ್ಕು ತೊಟ್ಟು ಬಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಇದನ್ನು ತಯಾರಕರೂ ಬಲ್ಲವರೇ: ಇದೇ ಎಂಜಿನ್ನಿದ್ದ ಎಂ.ಜಿ. ಕಾರುಗಳ ಕ್ಲಚ್ಚನ್ನು ಆವರಿಸಿದ ಬೆಲ್ ಹೌಸಿಂಗಿನ ತಳದಲ್ಲಿ ಎಣ್ಣೆ ಇಳಿಯಲೆಂದೇ ರಂಧ್ರವೊಂದನ್ನು ಬಿಟ್ಟು, ಅದು ಕೆಸರಿನಿಂದ ಮುಚ್ಚಿಹೋಗದಂತೆ ಸಡಿಲವಾಗಿ ಅಲ್ಲಾಡುವ ಸ್ಪ್ಲಿಟ್ ಪಿನ್ನೊಂದನ್ನು ತೂಗುಬಿಟ್ಟಿದ್ದರು. 1964ರಲ್ಲಿ ಎಂ.ಜಿ.ಬಿ. ಕಾರಿಗೆ ಐದು ಬೇರಿಂಗಿನ ಎಂಜಿನ್ ಬಂದಾಗ ಹಿಂತುದಿಗೆ ರಬ್ಬರ್ ಸೀಲು ಸೇರಿತು. ಮೂರು ಬೇರಿಂಗಿನ ನಮ್ಮ ಎಂಜಿನ್ ಮಾತ್ರ ಸುರುಳಿಯನ್ನೇ ನಂಬಿಕೊಂಡು ನಡೆಯಿತು.

ಸೋರಿಕೆಯ ಇನ್ನೊಂದು ಮೂಲ ಎಣ್ಣೆಯಲ್ಲಿರದೆ ಗಾಳಿಯಲ್ಲಿದೆ. ಪಿಸ್ಟನ್ ರಿಂಗುಗಳು ಸವೆದಂತೆ ದಹನದ ಅನಿಲವು ಕೆಳಗಿಳಿದು ಸಂಪಿನೊಳಗೆ ಒತ್ತಡವನ್ನು ಹೆಚ್ಚಿಸುವುದು. ಆ ಅನಿಲವನ್ನು ಹೊರಬಿಡುವ ಬ್ರೀದರ್ ಕೊಳವೆಯು ಮಸಿಯಿಂದ ಕಟ್ಟಿಕೊಂಡಿದ್ದರೆ ಆ ಒತ್ತಡವು ದುರ್ಬಲವಾದ ಸಂದನ್ನು ಹುಡುಕಿ ಎಣ್ಣೆಯನ್ನು ಹೊರದೂಡುವುದು. ಆದುದರಿಂದಲೇ ಅನುಭವಸ್ಥನಾದ ಮೆಕ್ಯಾನಿಕ್ಕು ಬೋಲ್ಟುಗಳನ್ನು ಬಿಗಿಯುವ ಮುನ್ನ ಬ್ರೀದರನ್ನು ಬಿಚ್ಚಿ ನೋಡುತ್ತಾನೆ. ಎಂಜಿನ್ನನ್ನು ಸೀಮೆಎಣ್ಣೆಯಿಂದ ತೊಳೆದು ಒಣಗಿಸಿ, ಸೀಮೆಸುಣ್ಣದ ಪುಡಿಯನ್ನು ಉದುರಿಸಿ, ಸ್ವಲ್ಪ ಹೊತ್ತು ಓಡಿಸಿ, ಬಿಳುಪಿನಲ್ಲಿ ಮೊದಲು ಕಪ್ಪಾಗುವ ಎಡೆಯನ್ನು ಗುರುತಿಸುತ್ತಾನೆ. ಎಣ್ಣೆಯು ಕೆಳಗೂ ಹಿಂದಕ್ಕೂ ಹರಿಯುವುದರಿಂದ ಒದ್ದೆಯಾದ ಸ್ಥಳವೆಲ್ಲ ಸೋರುವ ಸ್ಥಳವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ತಂದ ಕಾರ್ಕ್ ಪ್ಯಾಕಿಂಗು ಒಣಗಿ ಕುಗ್ಗಿದ್ದರೆ ಅದನ್ನು ನೀರಿನಲ್ಲಿ ನೆನೆಸಿಯೇ ಕೂರಿಸಬೇಕು. ಬೋಲ್ಟನ್ನು ಅತಿಯಾಗಿ ಬಿಗಿದರೆ ಸಂಪಿನ ತಗಡಿನ ಅಂಚು ಬಾಗಿ, ತಡೆಯಲು ಹೊರಟ ಕೈಯೇ ಹೊಸ ದಾರಿಯನ್ನು ತೆರೆಯುವುದು.

2014ರಲ್ಲಿ ಅಂಬಾಸಿಡರಿನ ಉತ್ಪಾದನೆ ನಿಂತಿತಾದರೂ ಅದನ್ನು ಸಾಕುವವರು ಇನ್ನೂ ಇದ್ದಾರೆ. ಮುಚ್ಚಳದ ಸಂದಿನಲ್ಲಿ ಸೋರುವುದು ಕಾಲವಶವಾದ ಪ್ಯಾಕಿಂಗಿನ ದೋಷ, ಅದನ್ನು ಬದಲಿಸಬಹುದು. ಹಿಂದಿನ ಸುರುಳಿಯಿಂದ ತೊಟ್ಟಿಕ್ಕುವುದು ರಚನೆಯ ಸ್ವಭಾವ. ಕ್ಲಚ್ಚಿಗೆ ಎಣ್ಣೆ ತಗುಲಿ ಅದು ಜಾರತೊಡಗುವವರೆಗೆ ಎಂಜಿನ್ನನ್ನು ಕೆಳಗಿಳಿಸುವ ವೆಚ್ಚಕ್ಕೆ ಹೋಗದೆ, ಡಿಪ್‌ಸ್ಟಿಕ್ಕನ್ನು ತಪ್ಪದೆ ನೋಡಿ ಕೊರತೆಯನ್ನು ತುಂಬುತ್ತಿರುವುದೇ ಅದನ್ನು ಕಟ್ಟಿದವರ ಎಣಿಕೆಗೂ ಒಪ್ಪುವ ಮಾರ್ಗ.