ಓ-ಯು-ಜಿ-ಎಚ್ ಕುಟುಂಬ: ಇಂಗ್ಲಿಷ್ ಸ್ಪೆಲಿಂಗ್ ಅಧ್ಯಯನದ ನಾಲ್ಕೂವರೆ ಶತಮಾನ

ಓ, ಯು, ಜಿ, ಎಚ್. ಈ ನಾಲ್ಕು ಅಕ್ಷರಗಳ ಮೊದಲಿಗೆ ಆರ್ ಸೇರಿದರೆ ‘ರಫ್’, ಸಿ ಸೇರಿದರೆ ‘ಕಾಫ್’, ಡಿ ಸೇರಿದರೆ ‘ಡೋ’, ಬಿ ಸೇರಿದರೆ ‘ಬೌ’, ಟಿಎಚ್‌ಆರ್ ಸೇರಿದರೆ ‘ಥ್ರೂ’. ಬರಹ ಒಂದೇ, ಉಚ್ಚಾರ ಐದು. ‘ಥರೊ’, ‘ಥಾಟ್’ ಎಂಬಿವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಏಳು. ಬರೆದದ್ದನ್ನು ಹಾಗೆಯೇ ಓದಿ ರೂಢಿಯಾದ ಕನ್ನಡದ ಮಗು ಇಲ್ಲಿಗೆ ಬಂದು ಕಕ್ಕಾಬಿಕ್ಕಿಯಾಗುವುದು ಸಹಜ. ಇಂಗ್ಲೆಂಡಿನ ಮಕ್ಕಳ ಪಾಡೂ ಇದೇ. ಇಂಥ ಪದಗಳನ್ನು ಒಟ್ಟುಗೂಡಿಸಿ, ಅವುಗಳಲ್ಲಿ ಕ್ರಮವೇನಾದರೂ ಇದೆಯೇ ಎಂದು ಹುಡುಕುವ ಕೆಲಸ 16ನೇ ಶತಮಾನದಿಂದ ನಡೆದುಬಂದಿದೆ. ಒಂದು ಉಚ್ಚಾರವನ್ನು ನಿರ್ಧರಿಸಲು ಎಷ್ಟು ಅಕ್ಷರಗಳನ್ನು ಒಟ್ಟಿಗೆ ನೋಡಬೇಕು? ಈ ಅಧ್ಯಯನದ ತಿರುವುಗಳೆಲ್ಲ ಇದೊಂದು ಪ್ರಶ್ನೆಯ ಸುತ್ತಲೇ ಇವೆ.

ಮೊದಲು ಈ ಗುಂಪು ಹುಟ್ಟಿದ ಬಗೆ. ಹಳೆಯ ಇಂಗ್ಲಿಷಿನಲ್ಲಿ ಇವು ಒಂದೇ ಕುಟುಂಬದ ಪದಗಳಾಗಿರಲಿಲ್ಲ. ಇಂದಿನ ‘ರಫ್’ ಆಗ ‘ರೂಹ್’, ‘ಬೌ’ ಎಂಬುದು ‘ಬೋಗ್’, ‘ಥ್ರೂ’ ಎಂಬುದು ‘ಥುರ್ಹ್’. ಸ್ವರಗಳು ಬೇರೆಬೇರೆ, ಕೊನೆಯಲ್ಲಿ ಗಂಟಲಿನಿಂದ ಉಜ್ಜಿ ಬರುವ ಒಂದು ವ್ಯಂಜನ ಮಾತ್ರ ಹೆಚ್ಚುಕಡಿಮೆ ಎಲ್ಲಕ್ಕೂ ಸಮಾನ. ಸ್ಕಾಟ್ಲೆಂಡಿನವರು ಸರೋವರಕ್ಕೆ ಹೇಳುವ ‘ಲಾಖ್’ ಪದದಲ್ಲಿ ಆ ಧ್ವನಿ ಇವತ್ತಿಗೂ ಕೇಳಿಸುತ್ತದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದ್ಧತಿಯಲ್ಲಿ ಪಳಗಿದ ಲಿಪಿಕಾರರು ಬಂದರು. ಆ ಗಂಟಲ ಧ್ವನಿಗೆ ಜಿ-ಎಚ್ ಜೋಡಿಯನ್ನು ಬರೆಯುವ ರೂಢಿ ಕ್ರಮೇಣ ನೆಲೆಯೂರಿತು. ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಅಚ್ಚುಮನೆ ತೆರೆದ ನಂತರ ಬರಹ ಗಟ್ಟಿಯಾಗುತ್ತ ಹೋಯಿತು, ಮಾತು ಮಾತ್ರ ಓಡುತ್ತಲೇ ಇತ್ತು. ಗಂಟಲ ಧ್ವನಿ ಕೆಲವು ಪ್ರದೇಶಗಳಲ್ಲಿ ‘ಫ್’ ಆಯಿತು, ಕೆಲವು ಕಡೆ ಪೂರಾ ಮಾಯವಾಯಿತು. ಇಂದಿನ ಶಿಷ್ಟ ಇಂಗ್ಲಿಷ್ ಎರಡೂ ಬಗೆಯ ಉಚ್ಚಾರಗಳನ್ನು ಉಳಿಸಿಕೊಂಡಿತು. ಮೂಲದಲ್ಲಿ ಬೇರೆಯಾಗಿದ್ದವು ಕಾಗದದ ಮೇಲೆ ಒಂದಾದವು, ಬಾಯಲ್ಲಿ ಮತ್ತೆ ಬೇರೆಯಾದವು.

ಒಮ್ಮೆ ಒಂದು ಅಕ್ಷರಸರಣಿ ಕಣ್ಣಿಗೆ ರೂಢಿಯಾದರೆ ಅದು ಬೇರೆ ಪದಗಳನ್ನೂ ತನ್ನತ್ತ ಸೆಳೆಯುತ್ತದೆ. ‘ಡಿಲೈಟ್’ ಫ್ರೆಂಚ್ ಮೂಲದ ಪದ. ಅದರಲ್ಲಿ ಗಂಟಲ ಧ್ವನಿ ಎಂದೂ ಇರಲಿಲ್ಲ. ‘ಲೈಟ್’, ‘ರೈಟ್’ಗಳನ್ನು ನೋಡಿ 16ನೇ ಶತಮಾನದ ಬರಹಗಾರರು ಅದಕ್ಕೂ ಜಿ-ಎಚ್ ತೊಡಿಸಿದರು. ‘ಕುಡ್’ ಪದದ ಎಲ್ ಕೂಡ ಹೀಗೆಯೇ ‘ವುಡ್’, ‘ಶುಡ್’ಗಳ ಸಹವಾಸದಿಂದ ಬಂದದ್ದು. ಜನ ಪದಗಳನ್ನು ಒಂಟಿಯಾಗಿ ನೆನಪಿಟ್ಟುಕೊಳ್ಳುವುದಿಲ್ಲ, ಗುಂಪಾಗಿ ನೆನಪಿಟ್ಟುಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ಇದನ್ನು ವಿದ್ವಾಂಸರು ಒಪ್ಪಿಕೊಳ್ಳಲು ಮಾತ್ರ ಬಹಳ ಕಾಲ ಹಿಡಿಯಿತು.

1569ರಲ್ಲಿ ಜಾನ್ ಹಾರ್ಟ್ ಒಂದು ಧ್ವನಿಗೆ ಒಂದೇ ಅಕ್ಷರ ಇರಬೇಕೆಂದು ವಾದಿಸಿ ಪುಸ್ತಕ ಪ್ರಕಟಿಸಿದ. ಮರುವರ್ಷವೇ ಪೀಟರ್ ಲೆವಿನ್ಸ್ ಬೇರೊಂದು ದಾರಿ ಹಿಡಿದ. ಅವನ ‘ಮನಿಪ್ಯುಲಸ್ ವೊಕ್ಯಾಬ್ಯುಲೋರಂ’ ಇಂಗ್ಲಿಷ್ ಪದಗಳನ್ನು ಅವುಗಳ ಅಂತ್ಯದ ಪ್ರಕಾರ ಜೋಡಿಸಿದ ನಿಘಂಟು. ಕೊನೆಯಿಂದ ಪದ ಹುಡುಕುವ ಈ ಪದ್ಧತಿ ನಮಗೆ ಹೊಸದಲ್ಲ. ಅಮರಕೋಶದ ನಾನಾರ್ಥವರ್ಗ ಕಾಂತ, ಖಾಂತ ಎಂದು ಕೊನೆಯ ವ್ಯಂಜನದ ಕ್ರಮದಲ್ಲೇ ಸಾಗುತ್ತದೆ. ಆದರೆ ಅಲ್ಲಿ ಅಕ್ಷರವೆಂದರೆ ಧ್ವನಿಯೇ. ಇಂಗ್ಲಿಷಿನಲ್ಲಿ ಅದೇ ಪದ್ಧತಿ ಅಕ್ಷರಕ್ಕೂ ಧ್ವನಿಗೂ ಇರುವ ಬಿರುಕನ್ನು ಬಯಲಿಗೆಳೆಯಿತು.

ಆ ಬಿರುಕು ಎದ್ದು ಕಾಣುವುದು ಜಾನ್ ವಾಕರ್ 1775ರಲ್ಲಿ ತಂದ ನಿಘಂಟಿನಲ್ಲಿ. ವಾಕರ್ ಮೊದಲು ರಂಗನಟ, ಆಮೇಲೆ ಉಚ್ಚಾರಣೆಯ ಮೇಷ್ಟರು. ಅವನು ಪದಗಳನ್ನು ಕೊನೆಯ ಅಕ್ಷರದಿಂದ ಹಿಂದಕ್ಕೆ ಓದಿ ಅಕಾರಾದಿಯಾಗಿ ಜೋಡಿಸಿದ. ಈ ಕ್ರಮದಲ್ಲಿ ಓ-ಯು-ಜಿ-ಎಚ್ ಪದಗಳೆಲ್ಲ ಒಂದೇ ಕಡೆ ಸೇರುತ್ತವೆ: ಕೊಂಬೆಯೆಂಬ ಅರ್ಥದ ‘ಬೌ’, ಅದರ ಕೆಳಗೆ ಕೆಮ್ಮೆಂಬ ಅರ್ಥದ ‘ಕಾಫ್’, ಅದರ ಕೆಳಗೆ ನಾದಿದ ಹಿಟ್ಟಿನ ‘ಡೋ’. ಕಣ್ಣಿಗೆ ಪ್ರಾಸ, ಕಿವಿಗೆ ಇಲ್ಲ. ವಾಕರನ ಪುಸ್ತಕ ಕವಿಗಳಿಗೆ ಪ್ರಾಸಕೋಶವಾಗಿ ಹೆಸರಾಯಿತು, ತಲೆಮಾರುಗಳವರೆಗೆ ಮರುಮುದ್ರಣ ಕಂಡಿತು. ನನ್ನ ದೃಷ್ಟಿಯಲ್ಲಿ ಅದರ ದೊಡ್ಡ ಕೊಡುಗೆ ಪ್ರಾಸವಲ್ಲ. ಒಂದೇ ಸರಣಿಯ ಪದಗಳನ್ನು ಒಂದೇ ಪುಟದಲ್ಲಿಟ್ಟು ಹೋಲಿಸಿ ನೋಡುವ ಅಭ್ಯಾಸವನ್ನು ಅದು ಕಲಿಸಿತು.

19ನೇ ಶತಮಾನ ಮತ್ತು 20ನೆಯದರ ಮೊದಲರ್ಧ ಸುಧಾರಕರ ಕಾಲ. ಅಮೆರಿಕದಲ್ಲಿ ಆಂಡ್ರೂ ಕಾರ್ನೆಗಿಯ ಹಣದ ನೆರವಿನಿಂದ 1906ರಲ್ಲಿ ಸರಳ ಸ್ಪೆಲಿಂಗ್ ಮಂಡಳಿ ಹುಟ್ಟಿ 300 ಪದಗಳ ಪಟ್ಟಿ ಹೊರಡಿಸಿತು. ಅದೇ ಆಗಸ್ಟ್‌ನಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸರ್ಕಾರಿ ಮುದ್ರಣಾಲಯ ಆ ಪಟ್ಟಿಯನ್ನೇ ಬಳಸಲಿ ಎಂದು ಆಜ್ಞೆ ಮಾಡಿದರು. ಡಿಸೆಂಬರ್ ಹೊತ್ತಿಗೆ ಜನಪ್ರತಿನಿಧಿಗಳ ಸಭೆ ತಿರುಗಿಬಿದ್ದು ಆಜ್ಞೆ ಹಿಂದೆ ಸರಿಯಿತು. ಬ್ರಿಟನ್ನಿನ ಸಂಸತ್ತಿನಲ್ಲಿ 1949ರಲ್ಲಿ ಬಂದ ಸ್ಪೆಲಿಂಗ್ ಸುಧಾರಣೆಯ ಮಸೂದೆ ಬಿದ್ದದ್ದು ಕೇವಲ 3 ಮತಗಳಿಂದ. ‘ಶಿಕಾಗೊ ಟ್ರಿಬ್ಯೂನ್’ ಪತ್ರಿಕೆ ಓ-ಯು-ಜಿ-ಎಚ್ ಕಳಚಿದ ‘ದೋ’, ‘ಥ್ರೂ’ಗಳನ್ನು ದಶಕಗಳ ಕಾಲ ಅಚ್ಚುಹಾಕಿ 1975ರಲ್ಲಿ ಕೈಬಿಟ್ಟಿತು. ಉಳಿದದ್ದು ಅಷ್ಟಿಷ್ಟು: ಅಮೆರಿಕದಲ್ಲಿ ನೇಗಿಲಿಗೆ ಹೇಳುವ ‘ಪ್ಲೌ’ ಪದದ ಚಿಕ್ಕ ರೂಪ, ‘ಡೋನಟ್’ ಅಂಗಡಿಯ ಬೋರ್ಡು, ‘ಡ್ರೈವ್ ಥ್ರೂ’ ಹೋಟೆಲು. ಒಂದೊಂದೇ ಪದವನ್ನು ಕಿತ್ತು ಸರಿಪಡಿಸಹೊರಟದ್ದೇ ಸುಧಾರಕರ ಸೋಲಿಗೆ ಒಂದು ಕಾರಣ ಎಂದು ನನಗೆ ತೋರುತ್ತದೆ.

‘ಜಿ-ಎಚ್-ಓ-ಟಿ-ಐ’ ಎಂದು ಬರೆದು ‘ಫಿಶ್’ ಎಂದು ಓದಬಹುದೆನ್ನುವ ಹಳೆಯ ಚಮತ್ಕಾರ ಇದೇ ವಾಗ್ವಾದದ ಕೂಸು. ‘ಎನಫ್’ನಿಂದ ಜಿ-ಎಚ್, ‘ವಿಮೆನ್’ನಿಂದ ಓ, ‘ನೇಷನ್’ನಿಂದ ಟಿ-ಐ. ಬರ್ನಾರ್ಡ್ ಷಾ ಹೇಳಿದ್ದೆಂದು ಎಲ್ಲರೂ ನಂಬುತ್ತಾರೆ. ಆದರೆ ಅವರು ಹುಟ್ಟುವುದಕ್ಕೂ ಮುಂಚೆ, 1855ರ ಒಂದು ಪತ್ರದಲ್ಲೇ ಅದು ಸಿಗುತ್ತದೆ. ಚಮತ್ಕಾರ ಚೆನ್ನಾಗಿದೆ, ವಾದ ಪೊಳ್ಳು. ಪದದ ಮೊದಲಿಗೆ ಬಂದ ಜಿ-ಎಚ್ ‘ಫ್’ ಆಗುವುದೇ ಇಲ್ಲ. ‘ಘೋಸ್ಟ್’ ನೋಡಿ, ಅಲ್ಲಿ ಅದು ಗಕಾರ. ಅಕ್ಷರದ ಬೆಲೆ ಅದು ಕುಳಿತ ಜಾಗದಿಂದ, ಅಕ್ಕಪಕ್ಕದ ಅಕ್ಷರಗಳಿಂದ ನಿರ್ಧಾರವಾಗುತ್ತದೆ. 1970ರಲ್ಲಿ ರಿಚರ್ಡ್ ವೆನೆಜ್ಕಿ ಇಂಗ್ಲಿಷ್ ಬರಹದ ರಚನೆಯ ಬಗ್ಗೆ ಬರೆದ ಪುಸ್ತಕ ಈ ನೋಟಕ್ಕೆ ಶಾಸ್ತ್ರದ ಬುನಾದಿ ಹಾಕಿತು. ಅದಕ್ಕೂ ಮೊದಲು, 1966ರಲ್ಲಿ ಸ್ಟಾನ್‌ಫರ್ಡ್‌ನ ಪಾಲ್ ಹ್ಯಾನಾ ಮತ್ತು ಸಂಗಡಿಗರು 17,000ಕ್ಕೂ ಹೆಚ್ಚು ಪದಗಳನ್ನು ಕಂಪ್ಯೂಟರಿಗೆ ಕೊಟ್ಟು, ಧ್ವನಿಯಿಂದ ಸ್ಪೆಲಿಂಗ್ ಊಹಿಸುವ ನಿಯಮಗಳನ್ನು ಪರೀಕ್ಷಿಸಿದ್ದರು. ಯಂತ್ರ ಸರಿಯಾಗಿ ಬರೆದದ್ದು ಸುಮಾರು ಅರ್ಧ.

ಆಮೇಲೆ ವಿಷಯ ಮನೋವಿಜ್ಞಾನಿಗಳ ಕೈಗೆ ಬಂತು. ರಾಬರ್ಟ್ ಗ್ಲುಶ್ಕೊ 1979ರಲ್ಲಿ ಪ್ರಕಟಿಸಿದ ಪ್ರಯೋಗ ಈ ಇಡೀ ಇತಿಹಾಸದಲ್ಲಿ ನನಗೆ ಅತ್ಯಂತ ಸುಂದರವಾದದ್ದು. ಎ-ವಿ-ಇ ಸರಣಿಯ ‘ವೇವ್’, ‘ಸೇವ್’, ‘ಗೇವ್’ ಎಲ್ಲ ಒಂದು ರೀತಿ, ‘ಹ್ಯಾವ್’ ಮಾತ್ರ ಬೇರೆ. ‘ವೇವ್’ನಲ್ಲಿ ಸ್ವತಃ ಯಾವ ಅಡ್ಡಿಯೂ ಇಲ್ಲ. ಆದರೂ ಬುದ್ಧಿ ಬಲಿತ ಓದುಗರು ಅಂಥ ಪದಗಳನ್ನು ಉಚ್ಚರಿಸಲು ಚೂರು ಹೆಚ್ಚು ಸಮಯ ತೆಗೆದುಕೊಂಡರು. ಕಾರಣ, ಕಣ್ಣೆದುರು ಇಲ್ಲದ ‘ಹ್ಯಾವ್’ ಮನಸ್ಸಿನಲ್ಲಿ ಎದ್ದು ಎಳೆಯುತ್ತಿತ್ತು. ಒಂದು ಪದ ಓದಿದಾಗ ಅದರ ನೆರೆಹೊರೆಯೆಲ್ಲ ಎಚ್ಚರಗೊಳ್ಳುತ್ತದೆ!

ಮಕ್ಕಳ ಮೇಲಿನ ಅಧ್ಯಯನಗಳೂ ಅದನ್ನೇ ಹೇಳಿದವು. 1983ರಲ್ಲಿ ಬ್ರಾಡ್ಲಿ ಮತ್ತು ಬ್ರಯಂಟ್ ‘ಹೆನ್’, ‘ಮೆನ್’, ‘ಪೆನ್’ ತರಹದ ಪದಗಳನ್ನು ಧ್ವನಿಯಿಂದ ಗುಂಪು ಮಾಡುವುದನ್ನು ಮಕ್ಕಳಿಗೆ ಕಲಿಸಿದರು. ಜೊತೆಗೆ ಪ್ಲಾಸ್ಟಿಕ್ ಅಕ್ಷರಗಳನ್ನು ಕೈಯಲ್ಲಿ ಹಿಡಿದು ಜೋಡಿಸಿದ ಮಕ್ಕಳು ಓದಿನಲ್ಲಿ ಎಲ್ಲರಿಗಿಂತ ಮುಂದೆ ಬಂದರು. ‘ಬೀಕ್’ ಗೊತ್ತಿದ್ದ ಮಗು ಅದರ ಬಲದಿಂದ ‘ಪೀಕ್’ ಓದಿಬಿಡುತ್ತದೆಂದು ಉಷಾ ಗೋಸ್ವಾಮಿ 1986ರಲ್ಲಿ ತೋರಿಸಿದರು. 1995ರಲ್ಲಿ ರೆಬೆಕಾ ಟ್ರೈಮನ್ ಮತ್ತು ಸಂಗಡಿಗರು ಅಂಕಿಅಂಶ ಸಮೇತ ನಿರೂಪಿಸಿದ್ದು ಇಷ್ಟು: ಇಂಗ್ಲಿಷಿನ ಸ್ವರಾಕ್ಷರವನ್ನು ಒಂಟಿಯಾಗಿ ನೋಡಿದರೆ ನಂಬಲಾಗದು, ಅದರ ಮುಂದಿನ ವ್ಯಂಜನದ ಜೊತೆ ಸೇರಿಸಿ ನೋಡಿದರೆ ಅದು ಬಹಳ ಮಟ್ಟಿಗೆ ನಿಯತ್ತಿನದು.

ಇದನ್ನು ನಮ್ಮ ಕುಟುಂಬಕ್ಕೆ ಅನ್ವಯಿಸಿ ನೋಡಿ. ಓ-ಯು-ಜಿ-ಎಚ್ ಮುಂದೆ ಟಿ ಒಂದನ್ನು ಸೇರಿಸಿದ ಕೂಡಲೇ ಗಲಾಟೆ ಅಡಗುತ್ತದೆ: ‘ಬಾಟ್’, ‘ಬ್ರಾಟ್’, ‘ಫಾಟ್’, ‘ಸಾಟ್’, ‘ಥಾಟ್’. ದಿನಬಳಕೆಯ ಪದಗಳಲ್ಲಿ ಬರಗಾಲದ ‘ಡ್ರೌಟ್’ ಒಂದೇ ಅಪವಾದ. ಐ-ಜಿ-ಎಚ್-ಟಿ ಇನ್ನೂ ಶಿಸ್ತಿನದು: ‘ನೈಟ್’, ‘ಲೈಟ್’, ‘ಫೈಟ್’, ‘ರೈಟ್’, ‘ಬ್ರೈಟ್’. ಅದರ ಹಿಂದೆ ಇ ಬಂದಾಗ ‘ಏಟ್’, ‘ವೇಟ್’ ಎಂಬ ಬೇರೆ ಗುಂಪು. ಅಲ್ಲಿ ‘ಹೈಟ್’ ಒಂದನ್ನು ಪ್ರತ್ಯೇಕ ನೆನಪಿಡಬೇಕು. ಟಿ ಇಲ್ಲದ ಓ-ಯು-ಜಿ-ಎಚ್ ಪದಗಳು ನಿಜಕ್ಕೂ ತೊಂದರೆ ಕೊಡುವಂಥವು, ಆದರೆ ನಿತ್ಯದ ಓದಿನಲ್ಲಿ ಅವು ಹತ್ತು ಹನ್ನೆರಡನ್ನು ದಾಟುವುದಿಲ್ಲ.

ನಮ್ಮ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಮೇಷ್ಟ್ರು, ಮೇಡಂಗಳಲ್ಲಿ ನನ್ನ ಕೋರಿಕೆ ಒಂದೇ. ಸ್ಪೆಲಿಂಗನ್ನು ಅಕ್ಷರ ಅಕ್ಷರವಾಗಿ ಉರುಹೊಡೆಸುವ ಬದಲು ಒಂದೇ ಸರಣಿಯ ಪದಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆಯಿರಿ, ಸಮಾನ ಭಾಗಕ್ಕೆ ಬಣ್ಣದ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಗಟ್ಟಿಯಾಗಿ ಓದಿಸಿರಿ. ಒಪ್ಪದೆ ಉಳಿದ ಆ ಹತ್ತು ಹನ್ನೆರಡು ಪದಗಳನ್ನು ಬೇರೆ ಪಟ್ಟಿ ಮಾಡಿ ಗೋಡೆಗೆ ಅಂಟಿಸಿರಿ. ಅವುಗಳಿಗೆ ಎಡವಿದ ಮಗುವನ್ನು ದಯವಿಟ್ಟು ದಡ್ಡ ಎನ್ನಬೇಡಿ.